ಕಡೆಯ ಸುತ್ತು ಬಾಕಿ ಇಟ್ಟ ಕುಲಾವಿ

ಮೊದಲ ದಿನ, ಹ್ಯಾಂಬರ್ಗ್

ಬಸುರಿ ಮಗಳಿಗೆ ಏಳು ತಿಂಗಳು ತುಂಬಿತ್ತು. ಅವಳಿರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಹೊರಟವರು ನಾನು ಮತ್ತು ಧಾರವಾಡದ ಬೀಗಿತ್ತಿ, ಇಬ್ಬರೇ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ನನ್ನ ಅಣ್ಣನ ಮಗ, "ಅತ್ತೆ, ದಾರಿಯಲ್ಲೇ ಇದೀನಿ, ಎರಡು ದಿನ ಇದ್ದು ಹೋಗಿ" ಎಂದು ಹಠ ಹಿಡಿದಿದ್ದ. ನನಗೂ ಅಲ್ಲಿ ನೋಡಬೇಕಾದದ್ದು ಒಂದಿತ್ತು.

ವಿಮಾನದಲ್ಲಿ ಊಟದ ತಟ್ಟೆ ತೆಗೆದ ಮೇಲೆ ನಾನು ಚೀಲದಿಂದ ಹಳದಿ ಉಲ್ಲನ್ನಿನ ಉಂಡೆ, ನಾಲ್ಕು ಬಿದಿರಿನ ಕಡ್ಡಿ ತೆಗೆದೆ. ಹುಟ್ಟುವ ಕೂಸಿಗೆ ಒಂದು ಕುಲಾವಿ. ಎಂಬತ್ತು ಕುಣಿಕೆ ಹಾಕಿ ಎರಡು ಸುತ್ತು ಬಂದಿತ್ತು. ಬೀಗಿತ್ತಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಮೆಲ್ಲಗೆ, "ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಅಂತ ಗಾದಿನ ಐತಲ್ರಿ. ನಮ್ಮ ಕಡೆ ಹುಟ್ಟೂ ತನಕಾ ಒಂದು ಎಳಿ ಸೈತ ಹೊಸಾದು ತರಂಗಿಲ್ರಿ" ಎಂದರು. ಆ ಮಾತು ನಮ್ಮ ಮಲೆನಾಡಿಗೂ ಹೊಸದಲ್ಲ. ನಮ್ಮಲ್ಲೂ ಎಳೆಗೂಸಿಗೆ ಮೊದಲು ಸುತ್ತುವುದು ಅಜ್ಜಿಯ ಹಳೆಯ ಮೆತ್ತನೆ ಸೀರೆಯ ತುಂಡನ್ನೇ. ನಾನು ಏನೂ ಹೇಳದೆ ಕಡ್ಡಿಗಳನ್ನು ಮತ್ತೆ ಚೀಲಕ್ಕೆ ಹಾಕಿದೆ. ಮನಸ್ಸಿಗೆ ಮಾತ್ರ ಕಸಿವಿಸಿ.

ನನ್ನ ಅಮ್ಮ ಕೊಪ್ಪದ ಮನೆಯಲ್ಲಿ ಮಳೆಗಾಲವಿಡೀ ಹೆಣೆಯುತ್ತಿದ್ದಳು. ಆರು ಮಕ್ಕಳು ನಾವು. ದೊಡ್ಡವನಿಗೆ ಹೆಣೆದ ಸ್ವೆಟರು ಅವನಿಗೆ ಬಿಗಿಯಾದಾಗ ಬಿಚ್ಚಿ, ಕೆಟಲಿನ ಹಬೆಗೆ ಹಿಡಿದು ಸುರುಳಿ ಸರಿಮಾಡಿ, ಇನ್ನೊಂದು ಬಣ್ಣ ಸೇರಿಸಿ ಮತ್ತೊಬ್ಬರಿಗೆ ಹೆಣೆಯುತ್ತಿದ್ದಳು. ಕಡೆಯವಳಾದ ನಾನು ತೊಟ್ಟ ಸ್ವೆಟರಿನಲ್ಲಿ ಐದೂ ಜನರ ನೂಲಿತ್ತು. ಅವಳು ಹೆಣೆದದ್ದರಲ್ಲಿ ಈಗ ನಮ್ಮ ಯಾರ ಮನೆಯಲ್ಲೂ ಒಂದು ಎಳೆ ಉಳಿದಿಲ್ಲ. ಅಮ್ಮ ಹೋದ ಮೇಲೆ ಕಪಾಟು ಹುಡುಕಿ ಹುಡುಕಿ ಇದು ಅರಿವಾದ ದಿನದಿಂದ, ಮಕ್ಕಳ ಹೆಣಿಗೆಯ ಬಟ್ಟೆ ಲೋಕದಲ್ಲಿ ಎಲ್ಲಿ ಉಳಿದಿದ್ದರೂ ಕಣ್ಣಾರೆ ನೋಡಬೇಕೆಂಬ ಆಸೆ ನನ್ನಲ್ಲಿ ಬೇರೂರಿತ್ತು.

ಹ್ಯಾಂಬರ್ಗ್‌ನ ಕುನ್ಸ್ಟ್‌ಹಾಲೆ ದೊಡ್ಡ ಚಿತ್ರಶಾಲೆ. ನಾವು ನೇರ ಹೋದದ್ದು ಮಧ್ಯಯುಗದ ಚಿತ್ರಗಳಿರುವ ಕೋಣೆಗೆ. ಅಲ್ಲಿದೆ ಬುಕ್ಸ್ಟೆಹೂಡ ಎಂಬ ಊರಿನ ಮಠದಿಂದ ಬಂದ, ಸುಮಾರು 1400ರ ಹೊತ್ತಿಗೆ ಬರೆದ ಬಲಿಪೀಠದ ಚಿತ್ರಪಟ. ಮಾಸ್ಟರ್ ಬರ್ಟ್ರಾಮ್ ಎಂಬ ಚಿತ್ರಕಾರನ ಕೈಯದು, ಅವನ ಕೆಲಸದವರ ಕೈಯೂ ಸೇರಿದೆ ಎನ್ನುತ್ತಾರೆ. ಹಲವು ಅಂಕಣಗಳಲ್ಲಿ ಮೇರಿಯ ಬದುಕು. ಅದರೊಳಗೆ ಒಂದು ಅಂಕಣದಲ್ಲಿ ಮೇರಿ ಕುಳಿತು ಹೆಣೆಯುತ್ತಿದ್ದಾಳೆ. ಕೈಯಲ್ಲಿ ನಾಲ್ಕು ಕಡ್ಡಿ. ಕಡ್ಡಿಗಳ ಕೆಳಗೆ ಮಗುವಿನ ಕೆಂಪು ಛಾಯೆಯ ಪುಟ್ಟ ಅಂಗಿ ತೂಗುತ್ತಿದೆ. ತೋಳು, ಮೈ ಎಲ್ಲ ಮುಗಿದಿದೆ, ಕುತ್ತಿಗೆಯ ಸುತ್ತು ನಡೆಯುತ್ತಿದೆ. ಹೆಣೆಯಲು ಬರುವವರಿಗೆ ಇದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಚಿತ್ರಕಾರ ಯಾರೋ ಹೆಂಗಸಿನ ಪಕ್ಕ ಕುಳಿತು ಗಮನವಿಟ್ಟು ನೋಡಿರಲೇಬೇಕು. ಹೆಣಿಗೆಯನ್ನು ತೋರಿಸುವ ಚಿತ್ರಗಳಲ್ಲೇ ಇದು ಬಹಳ ಹಳೆಯವುಗಳ ಸಾಲಿನದು, ಮತ್ತು ಅದರಲ್ಲಿ ಹೆಣೆಯುತ್ತಿರುವುದು ಮಗುವಿನ ಬಟ್ಟೆ.

ಯೇಸುವನ್ನು ಶಿಲುಬೆಗೇರಿಸಿದಾಗ ಸೈನಿಕರು ಅವನ ಬಟ್ಟೆ ಹಂಚಿಕೊಂಡರಂತೆ. ಒಳಂಗಿಗೆ ಮಾತ್ರ ಹೊಲಿಗೆಯೇ ಇರಲಿಲ್ಲ, ಹರಿದರೆ ಕೆಡುತ್ತದೆಂದು ಚೀಟಿ ಎತ್ತಿದರು ಎಂದು ಯೋಹಾನನ ಸುವಾರ್ತೆಯಲ್ಲಿ ಬರುತ್ತದೆ. ಆ ಅಂಗಿಯನ್ನು ತಾಯಿಯೇ ಮಾಡಿದ್ದಳು, ಮಗ ಬೆಳೆದಂತೆ ಅದೂ ಬೆಳೆಯಿತು ಎಂಬುದು ಜನರ ನಂಬಿಕೆ. ಹೊಲಿಗೆಯಿಲ್ಲದೆ ಇಡೀ ಅಂಗಿ ಮಾಡುವುದು ನಾಲ್ಕು ಕಡ್ಡಿಯ ಹೆಣಿಗೆಗೆ ಸುಲಭ. ಬೆಳೆಯುವ ಮೈಗೆ ಹಿಗ್ಗಿಕೊಡುವುದೂ ಹೆಣಿಗೆಯೇ. ಆ ನಂಬಿಕೆ ಒಬ್ಬ ಹೆಣೆಯುವ ತಾಯಿಯ ಮನೆಯಲ್ಲೇ ಹುಟ್ಟಿರಬೇಕು ಎಂದು ನನಗೆ ಅನ್ನಿಸಿತು.

ಚಿತ್ರದ ಎಡಕ್ಕೆ ಬಲಕ್ಕೆ ನೋಡುತ್ತಾ ಹೋದರೆ ಎದೆ ಬಿಗಿಯುತ್ತದೆ. ಹುಡುಗ ಹುಲ್ಲಿನ ಮೇಲೆ ಪುಸ್ತಕ ಹಿಡಿದು ಒರಗಿದ್ದಾನೆ, ಹತ್ತಿರ ಬುಗುರಿ ಬಿದ್ದಿದೆ. ಇಬ್ಬರು ದೇವದೂತರು ಬಂದು ನಿಂತಿದ್ದಾರೆ. ಅವರ ಕೈಯಲ್ಲಿ ಶಿಲುಬೆ, ಈಟಿ, ಮೊಳೆ, ಮುಳ್ಳಿನ ಕಿರೀಟ. ತಾಯಿ ಮಾತ್ರ ಕಡ್ಡಿ ಬಿಟ್ಟಿಲ್ಲ.

ಬೀಗಿತ್ತಿ ಬಹಳ ಹೊತ್ತು ನಿಂತು ನೋಡಿ ಹೇಳಿದರು: "ಆಕೀನೂ ಕೂಸು ಹುಟ್ಟಿದ ಮ್ಯಾಲ ಹೆಣಿಯಾಕತ್ತಾಳ ನೋಡ್ರಿ, ಅಕ್ಕಾರ."

ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಎರಡನೇ ದಿನ

ಲಂಡನ್ನಿಗೆ ಪಯಣ. ಮಳೆ. ಅಳಿಯ ವಿಮಾನ ನಿಲ್ದಾಣಕ್ಕೆ ಬಂದಿದ್ದ. ಬೇರೆ ವಿಶೇಷವಿಲ್ಲ.

ಮೂರನೇ ದಿನ, ಲಂಡನ್

ಮಕ್ಕಳ ಕಾಲುಚೀಲಗಳಲ್ಲಿ ಲೋಕಪ್ರಸಿದ್ಧವಾದದ್ದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಒಂದೇ ಒಂದು ಚೀಲ, ಮಗುವಿನ ಎಡಗಾಲಿನದು. ನಾವು ಹೋದ ದಿನ ಗಾಜಿನ ಪೆಟ್ಟಿಗೆಗಳಲ್ಲಿ ಅದು ಕಾಣಲಿಲ್ಲ. ಚಿತ್ರವನ್ನು ಅಳಿಯ ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದ. ಈಜಿಪ್ಟಿನ ಆಂಟಿನೂಪೊಲಿಸ್ ಎಂಬ ಹಳೆಯ ಪಟ್ಟಣದ ಕಸದ ಗುಡ್ಡೆಯಲ್ಲಿ 1913-14ರ ಉತ್ಖನನದಲ್ಲಿ ಸಿಕ್ಕಿದ್ದು. ಕ್ರಿಸ್ತಶಕ 300ರ ಸುಮಾರಿನದು. ಮೈತುಂಬ ಬಣ್ಣಬಣ್ಣದ ಪಟ್ಟೆ. 2018ರಲ್ಲಿ ಮ್ಯೂಸಿಯಂನ ವಿಜ್ಞಾನಿಗಳು ಬೇರೆ ಬೇರೆ ಬೆಳಕಿನಲ್ಲಿ ಅದರ ಚಿತ್ರ ತೆಗೆದು, ಒಂದು ಎಳೆಯನ್ನೂ ಕೀಳದೆ ಬಣ್ಣಗಳ ಗುಟ್ಟು ತಿಳಿದರು. ಇದ್ದದ್ದು ಮೂರೇ ಗಿಡದ ಬಣ್ಣ: ಕೆಂಪಿಗೆ ಮಂಜಿಷ್ಠದ ಜಾತಿಯ ಬೇರು, ನೀಲಿಗೆ ವೋಡ್ ಎಂಬ ಸೊಪ್ಪು, ಹಳದಿಗೆ ವೆಲ್ಡ್ ಎಂಬ ಗಿಡ. ಈ ಮೂರನ್ನೇ ಒಂದರ ಮೇಲೊಂದು ಅದ್ದಿ, ಬೆರೆಸಿ, ಅಷ್ಟು ಪಟ್ಟೆ ಮಾಡಿದ್ದಾರೆ. ವರ್ಷದೊಳಗೆ ಕಾಲಿಗೆ ಹಿಡಿಸದಾಗುವ ಒಂದು ಚೀಲಕ್ಕೆ ಅಷ್ಟು ಶ್ರದ್ಧೆ! ಅದೂ ಕಡೆಗೆ ಹೋಗಿ ಸೇರಿದ್ದು ಕಸಕ್ಕೆ. ಹಾಗೆ ಎಸೆದಿದ್ದರಿಂದಲೇ, ಆ ಮರಳಿನ ಒಣ ನೆಲದಲ್ಲಿ ಅದು ಉಳಿಯಿತು.

ಆ ಚೀಲದಲ್ಲಿ ಹೆಬ್ಬೆರಳಿಗೆ ಒಂದು ಗೂಡು, ಉಳಿದ ನಾಲ್ಕು ಬೆರಳಿಗೆ ಇನ್ನೊಂದು. ಚಪ್ಪಲಿಯ ಪಟ್ಟಿ ಬೆರಳ ಸಂದಿಯಲ್ಲಿ ಕೂರಬೇಕಲ್ಲ, ಅದಕ್ಕೆ. ಹವಾಯಿ ಚಪ್ಪಲಿ ಹಾಕಿಕೊಂಡೇ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಮಧ್ಯಾಹ್ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನವರು 2025ರ ಮೇ ಕೊನೆಯಲ್ಲಿ ಪೂರ್ವ ಲಂಡನ್ನಿನ ಒಲಿಂಪಿಕ್ ಪಾರ್ಕಿನಲ್ಲಿ ತೆರೆದ ಉಗ್ರಾಣಕ್ಕೆ ಹೋದೆವು. ಉಗ್ರಾಣ ಎಂದೇ ಕರೆಯಬೇಕು, ಏಕೆಂದರೆ ಅಲ್ಲಿ ವಸ್ತುಗಳು ಪ್ರದರ್ಶನದ ಠೀವಿಯಿಲ್ಲದೆ ಕಪಾಟುಗಳಲ್ಲಿ ಕೂತಿವೆ. ಬೇಕಾದ ಐದು ವಸ್ತುಗಳನ್ನು ಮುಂಚಿತವಾಗಿ ಕೇಳಿ ಬರೆದರೆ ಯಾರಿಗಾದರೂ ತೆಗೆದು ತೋರಿಸುತ್ತಾರೆ, ಹಣ ಕೇಳುವುದಿಲ್ಲ. ನಾವು ಕೇಳಿದ್ದರಲ್ಲಿ ಮುಖ್ಯವಾದದ್ದು ಒಂದು ಜೊತೆ ಕೆಂಪು ಕಾಲುಚೀಲ. ಇವೂ ಈಜಿಪ್ಟಿನವೇ, ಆಕ್ಸಿರಿಂಕಸ್ ಎಂಬ ಊರಿನ ಸ್ಮಶಾನದಿಂದ ಬಂದವು, 250ರಿಂದ 420ರ ನಡುವಿನವು. ಅದೇ ಎರಡು ಗೂಡಿನ ತುದಿ. ಒಂದೂವರೆ ಸಾವಿರ ವರ್ಷದ ಮೇಲೂ ದಾಸವಾಳದಂಥ ಕೆಂಪು.

ನಾನು ಬಗ್ಗಿ ಬಗ್ಗಿ ನೋಡಿದೆ. ಮೊದಲ ನೋಟಕ್ಕೆ ನಮ್ಮ ಹೆಣಿಗೆಯಂತೆಯೇ ಕಾಣುತ್ತದೆ. ಆದರೆ ಅಲ್ಲ. ಇವನ್ನು ಮಾಡಿದ್ದು ಒಂದೇ ಸೂಜಿಯಲ್ಲಿ. ಮೊಳದುದ್ದದ ನೂಲನ್ನು ಸೂಜಿಗೆ ಪೋಣಿಸಿ, ಹಿಂದಿನ ಕುಣಿಕೆಯೊಳಗಿಂದ ಪೂರ್ತಿ ಎಳೆದು, ನೂಲು ಮುಗಿದಂತೆ ಇನ್ನೊಂದನ್ನು ಸೇರಿಸುತ್ತಾ ಹೋಗುವುದು. ಎರಡು ಕಡ್ಡಿಯ ಹೆಣಿಗೆ ಬಂದದ್ದು ಇದಕ್ಕೆ ಎಷ್ಟೋ ಶತಮಾನಗಳ ನಂತರ. ಎರಡಕ್ಕೂ ದೊಡ್ಡ ವ್ಯತ್ಯಾಸವೇನೆಂದರೆ, ಒಂಟಿ ಸೂಜಿಯದು ತುಂಡಾದರೂ ಬಿಚ್ಚಿಕೊಳ್ಳುವುದಿಲ್ಲ. ನಮ್ಮದೋ, ಒಂದು ತುದಿ ಸಿಕ್ಕಿ ಎಳೆದರೆ ಸರಸರನೆ ಕಡೆತನಕ ಬಿಚ್ಚಿಬರುತ್ತದೆ. ಅದು ನಮ್ಮ ಹೆಣಿಗೆಯ ದೋಷವೆಂದು ನಾನು ಹೇಳಲಾರೆ. ಹಾಗೆ ಬಿಚ್ಚಿಬರುವುದರಿಂದಲೇ ಅಮ್ಮ ಒಂದು ಸೇರು ಉಲ್ಲನ್ನಿನಲ್ಲಿ ಆರು ಮಕ್ಕಳನ್ನು ಬೆಚ್ಚಗಿಟ್ಟಿದ್ದು. ಹಾಗೆ ಬಿಚ್ಚಿಬರುವುದರಿಂದಲೇ ಅವಳದೇನೂ ಉಳಿಯಲಿಲ್ಲ.

ಲಂಡನ್ನಿನಲ್ಲಿ ನೋಡಬೇಕಿದ್ದು ಇನ್ನೂ ಎರಡಿತ್ತು. 16ನೇ ಶತಮಾನದ ಒಂದು ಮಗುವಿನ ಹೆಣೆದ ಕೈಗವಸು, ಒಂದು ಹೆಣೆದ ಒಳಂಗಿ. ಊರಿನ ಮಣ್ಣಿನಡಿ ಸಿಕ್ಕವು. ಅವು ಇರುವ ಲಂಡನ್ ಮ್ಯೂಸಿಯಂ ತನ್ನ ಹಳೆಯ ಕಟ್ಟಡವನ್ನು 2022ರ ಡಿಸೆಂಬರಿನಲ್ಲಿ ಮುಚ್ಚಿ ಸ್ಮಿತ್‌ಫೀಲ್ಡ್‌ನ ಹಳೆಯ ಮಾರುಕಟ್ಟೆಗೆ ಸ್ಥಳ ಬದಲಿಸುವ ಕೆಲಸದಲ್ಲಿತ್ತು. ಚಿತ್ರದಲ್ಲೇ ನೋಡಿ ತೃಪ್ತಿಪಟ್ಟೆ. ಆ ಗವಸು ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಆ ಕಾಲದಲ್ಲಿ ಇಂಗ್ಲೆಂಡಿನ ಹೆಣಿಗೆಗೆ ರಾಜ್ಯದ ಕಾನೂನೇ ಬೆಂಬಲವಾಗಿತ್ತು. 1571ರಲ್ಲಿ, ಆರು ವರ್ಷ ದಾಟಿದ ಪ್ರತಿಯೊಬ್ಬರೂ ಭಾನುವಾರ ಮತ್ತು ಹಬ್ಬದ ದಿನ ಇಂಗ್ಲೆಂಡಿನಲ್ಲೇ ಹೆಣೆದ ಉಣ್ಣೆಯ ಟೋಪಿ ಹಾಕಬೇಕು, ತಪ್ಪಿದರೆ ದಂಡ ಎಂದು ಕಾಯ್ದೆ ಬಂತು. ದೊಡ್ಡ ಮನೆತನದವರು ಮುಂತಾದವರಿಗೆ ವಿನಾಯಿತಿ. ಟೋಪಿ ಹೆಣೆದು ಬದುಕುತ್ತಿದ್ದ ಸಾವಿರಾರು ಜನರ ಹೊಟ್ಟೆಪಾಡಿಗಾಗಿ ಮಾಡಿದ್ದು. 1597ರಲ್ಲಿ ಕಾಯ್ದೆ ರದ್ದಾಯಿತು. ಏಳು ವರ್ಷದ ಹುಡುಗನೊಬ್ಬ ಭಾನುವಾರ ಬೆಳಗ್ಗೆ ತಲೆ ತುರಿಸುವ ಟೋಪಿಗಾಗಿ ಅಮ್ಮನ ಹತ್ತಿರ ಬೈಸಿಕೊಂಡ ದೃಶ್ಯ ನನ್ನ ಕಣ್ಣಿಗೆ ಕಟ್ಟಿತು.

ನಾಲ್ಕನೇ ದಿನ, ನಾಟಿಂಗ್‌ಹ್ಯಾಮ್

ಮಗಳನ್ನು ಕಂಡೆ. ಕಾಲು ಸ್ವಲ್ಪ ಊದಿದೆ. ಬಾಗಿಲಲ್ಲಿ ನಿಂತು ಅಳಲೂ ಇಲ್ಲ ನಗಲೂ ಇಲ್ಲ, "ಅಮ್ಮಾ, ಸಾರು ಮಾಡ್ಕೊಡು" ಎಂದಳು. ಅವತ್ತು ಸಾರು, ಬೀಗಿತ್ತಿ ತಂದ ಶೇಂಗಾ ಚಟ್ನಿ, ಅನ್ನ. ನಿದ್ದೆ.

ಸಂಜೆ ಪಕ್ಕದ ಮನೆಯ ಅಜ್ಜಿ ಬಂದರು. ತೊಂಬತ್ತು ಸಮೀಪಿಸಿದ ಜೀವ. ನನ್ನ ಕೈಯಲ್ಲಿ ಕಡ್ಡಿ ಕಂಡು ಅವರ ಮುಖ ಅರಳಿತು. ಯುದ್ಧದ ಕಾಲದಲ್ಲಿ ಇಲ್ಲಿ 1941ರ ಜೂನ್ 1ರಿಂದ ಬಟ್ಟೆಗೆ ರೇಷನ್ ಬಂತು, ಮೊದಲ ವರ್ಷ ಒಬ್ಬರಿಗೆ 66 ಕೂಪನ್. ಹೆಣೆಯುವ ಉಲ್ಲನ್ನಿಗೂ ಕೂಪನ್ ಬೇಕು, ಎರಡು ಔನ್ಸಿಗೆ ಒಂದು. ಬಸುರಿಯರಿಗೆ ಹುಟ್ಟುವ ಕೂಸಿನ ಲೆಕ್ಕದಲ್ಲಿ ಹೆಚ್ಚಿನ ಕೂಪನ್ ಕೊಡುತ್ತಿದ್ದರು. ಈ ರೇಷನ್ ಮುಗಿದದ್ದು 1949ರ ಮಾರ್ಚಿಯಲ್ಲಿ. ಅಜ್ಜಿಯ ತಾಯಿ ಅಪ್ಪನ ಹಳೆ ಸ್ವೆಟರು ಬಿಚ್ಚಿ, ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ತೊಳೆದು, ಭಾರ ಕಟ್ಟಿ ಒಣಗಿಸಿ, ತಮ್ಮನಿಗೆ ಅಂಗಿ ಹೆಣೆದರಂತೆ. ನಾನು ಕೆಟಲಿನ ಹಬೆಯ ಕಥೆ ಹೇಳಿದೆ. ಮಗಳು ನಡುವೆ ಕುಳಿತು ಆಚೆಗೊಮ್ಮೆ ಈಚೆಗೊಮ್ಮೆ ಭಾಷೆ ಬದಲಿಸುತ್ತಿದ್ದಳು. ಆಮೇಲಾಮೇಲೆ ಅವಳ ಸಹಾಯವೇ ಬೇಕಾಗಲಿಲ್ಲ.

ಐದನೇ ದಿನ, ರಡ್ಡಿಂಗ್‌ಟನ್ ಮತ್ತು ಚಿಲ್ವೆಲ್

ಕೈಕಡ್ಡಿಯ ಕೆಲಸವನ್ನು ಯಂತ್ರಕ್ಕೆ ಕಲಿಸಿದವನು ಇದೇ ಸೀಮೆಯವನು. ಕ್ಯಾಲ್ವರ್ಟನ್ ಎಂಬ ಹಳ್ಳಿಯ ವಿಲಿಯಂ ಲೀ, 1589ರಲ್ಲಿ. ಅವನು ಪಾದ್ರಿಯಾಗಿದ್ದನೆಂದೂ, ಮೆಚ್ಚಿದ ಹುಡುಗಿ ಸದಾ ಹೆಣೆಯುತ್ತಾ ಇವನ ಕಡೆ ನೋಡದೆ ಇದ್ದುದರಿಂದ ಯಂತ್ರ ಕಟ್ಟಿದನೆಂದೂ ಕಥೆ. ಎಲಿಜಬೆತ್ ರಾಣಿ ಅವನಿಗೆ ಹಕ್ಕುಪತ್ರ ಕೊಡಲಿಲ್ಲ. ಹೆಣೆದು ಉಣ್ಣುವ ಬಡ ಪ್ರಜೆಗಳು ಬೀದಿಪಾಲಾಗುತ್ತಾರೆಂಬ ಕಾರಣ ಹೇಳಿದಳೆಂಬ ಮಾತಿದೆ. ಅವನು ಫ್ರಾನ್ಸಿಗೆ ಹೋಗಿ ಅಲ್ಲೇ ತೀರಿಕೊಂಡ. ತಮ್ಮ ಜೇಮ್ಸ್ ಯಂತ್ರಗಳನ್ನು ಮರಳಿ ತಂದ. ಅಲ್ಲಿಂದ ಮುಂದೆ ಇನ್ನೂರೈವತ್ತು ವರ್ಷ ಈ ಸುತ್ತಿನ ಹಳ್ಳಿಗಳಲ್ಲಿ ಮನೆಮನೆಯಲ್ಲೂ ಆ ಯಂತ್ರದ ಸದ್ದು.

ರಡ್ಡಿಂಗ್‌ಟನ್ನಿನಲ್ಲಿ ಆ ಮನೆಗಳನ್ನೂ 1829ರಲ್ಲಿ ಕಟ್ಟಿದ ಯಂತ್ರದ ಕೋಣೆಗಳನ್ನೂ ಹಾಗೆಯೇ ಉಳಿಸಿ ಮ್ಯೂಸಿಯಂ ಮಾಡಿದ್ದಾರೆ. ಉದ್ದುದ್ದ ಕಿಟಕಿಗಳು, ಹಗಲು ಬೆಳಕು ಒಂದಿಷ್ಟೂ ನಷ್ಟವಾಗದಂತೆ. ಕತ್ತಲಾದ ಮೇಲೆ ಮೇಣದ ಬತ್ತಿಯ ಮುಂದೆ ನೀರು ತುಂಬಿದ ಗಾಜಿನ ಬುರುಡೆ ಇಟ್ಟು, ಬೆಳಕನ್ನು ಒಂದೇ ಕಡೆ ಬೀಳಿಸುತ್ತಿದ್ದರು. ಸ್ವಯಂಸೇವಕರೊಬ್ಬರು ಯಂತ್ರದ ಮುಂದಿನ ಹಲಗೆಯ ಮೇಲೆ ಕೂತು ನಡೆಸಿ ತೋರಿಸಿದರು. ಪ್ರತಿ ಕುಣಿಕೆಗೂ ಒಂದೊಂದು ಕೊಕ್ಕೆ ಸೂಜಿ, ನೂರಾರು ಸೂಜಿ ಒಂದು ಸಾಲು. ಕಾಲಲ್ಲಿ ತುಳಿತ, ಕೈಯಲ್ಲಿ ತಳ್ಳುವಿಕೆ, ಖಡಾಖಡಾ ಎಂಬ ಸದ್ದು. ಒಂದು ಬಾರಿಗೆ ಇಡೀ ಸಾಲು ಹೆಣೆದು ಬರುತ್ತದೆ. ನಾನು ಎರಡು ನಿಮಿಷದಲ್ಲಿ ಹಾಕುವ ಸಾಲು ಅವರಿಗೆ ಒಂದು ಉಸಿರು. ಯಂತ್ರ ಕೊಡುವುದು ಚಪ್ಪಟೆ ತುಂಡು, ಅದನ್ನು ಕೂಡಿಸಿ ಹೊಲಿಯುವುದು ಹೆಂಗಸರ ಕೆಲಸ. ನೂಲನ್ನು ಉರುಳೆಗೆ ಸುತ್ತುವುದು ಮಕ್ಕಳ ಕೆಲಸ. ಆ ಸುತ್ತುವ ಚಕ್ರದ ಎತ್ತರ ನೋಡಿದರೆ ಸಾಕು, ಕೂರುತ್ತಿದ್ದವರ ವಯಸ್ಸು ತಿಳಿಯುತ್ತದೆ. ಯಂತ್ರವೋ ಬಹಳ ಸಲ ಬಾಡಿಗೆಯದು, ಕೆಲಸವಿಲ್ಲದ ವಾರವೂ ಬಾಡಿಗೆ ತಪ್ಪದು. 1811ರಲ್ಲಿ ಈ ಜಿಲ್ಲೆಯಲ್ಲೇ ಜನ ಯಂತ್ರ ಒಡೆಯಲು ಶುರುಮಾಡಿದರು. ಮರುವರ್ಷ ಸರ್ಕಾರ ಅದಕ್ಕೆ ಮರಣದಂಡನೆಯ ಕಾಯ್ದೆ ತಂದಿತು.

ಈ ದಿನ ನನ್ನ ಮನಸ್ಸಿನಿಂದ ಹೋಗದ ಸಂಗತಿ ಒಂದಿದೆ. 1843ರಲ್ಲಿ ಪ್ರಕಟವಾದ, ಮಕ್ಕಳ ದುಡಿಮೆಯ ವಿಚಾರಣಾ ಆಯೋಗದ ವರದಿಯಲ್ಲಿ ನಾಟಿಂಗ್‌ಹ್ಯಾಮ್‌ನ 20 ವರ್ಷದ ಲೇಸ್ ಕೆಲಸದ ಹೆಂಗಸೊಬ್ಬಳ ಹೇಳಿಕೆ ಇದೆ. ಕೂಸನ್ನು ನೋಡಿಕೊಳ್ಳಲು ಯಾರನ್ನಾದರೂ ಇಟ್ಟುಕೊಳ್ಳುವಷ್ಟು ದುಡ್ಡಿಲ್ಲ. ಕೆಲಸ ನಿಲ್ಲಿಸಿದರೆ ಕೂಲಿಯಿಲ್ಲ. ಅದಕ್ಕೇ ಗಾಡ್‌ಫ್ರೀಸ್ ಕಾರ್ಡಿಯಲ್ ಎಂಬ ಅಫೀಮು ಬೆರೆತ ಔಷಧಿ ಕುಡಿಸಿ ಮಲಗಿಸುತ್ತಿದ್ದಳು. ಸಲಕ್ಕೆ ಒಂದೆರಡು ಹನಿ ಹೆಚ್ಚಿಸುತ್ತಾ ಟೀ ಚಮಚದ ತನಕ ಬಂತು. ನಾಲ್ಕು ತಿಂಗಳಿಗೆ ಮಗು ಸೊರಗಿ ಕಡ್ಡಿಯಾಯಿತು. ಆ ಕೈ ಕಸೂತಿ ಹಾಕಿದ ಲೇಸು ಯಾರ ಮನೆಯ ಕೂಸಿನ ಟೋಪಿಯ ಅಂಚಿಗೆ ಹೋಯಿತೋ.

ಇದನ್ನು ಓದಿ ಹೇಳಿದಾಗ ಬೀಗಿತ್ತಿ ನಿಟ್ಟುಸಿರು ಬಿಟ್ಟರು. "ನಮ್ಮ ಅಜ್ಜಿ ಹೇಳತಿದ್ಲ್ರಿ. ಹೊಲಕ್ಕ ಹೋಗು ಮುಂದ ಕೂಸಿನ ಬಾಯಾಗ ಸಾಸವಿ ಕಾಳಿನಷ್ಟು ಅಫೀಮು ಇಟ್ಟು ಹೋಗತಿದ್ರಂತ. ಕೆಲವು ಕೂಸು ಏಳತಿರಲಿಲ್ಲಂತ." ಮಗಳು ಹೊಟ್ಟೆಯ ಮೇಲೆ ಕೈಯಿಟ್ಟು ಆಚೆ ಹೋಗಿ ಅಂಗಳದ ಬೆಂಚಿನಲ್ಲಿ ಕುಳಿತಳು.

ವಾಪಸು ಬರುವಾಗ ಅವಳ ಮನಸ್ಸು ತಿಳಿಯಾಗಲೆಂದು ಅಳಿಯ ಚಿಲ್ವೆಲ್ ಕಡೆ ಕಾರು ತಿರುಗಿಸಿದ. ಅಲ್ಲಿ ಜಿ. ಎಚ್. ಹರ್ಟ್ ಅಂಡ್ ಸನ್ ಎಂಬ ಶಾಲು ತಯಾರಕರಿದ್ದಾರೆ, 1912ರಿಂದ. 2013ರ ಜುಲೈಯಲ್ಲಿ ರಾಜಕುಮಾರ ಜಾರ್ಜ್ ಹುಟ್ಟಿ ಆಸ್ಪತ್ರೆಯ ಮೆಟ್ಟಿಲಿಳಿದು ಬಂದಾಗ ಸುತ್ತಿದ್ದು ಇವರ ಶಾಲು. ಬಲೆಯಂತೆ ಹಗುರ, ಹಾಲಿನಂಥ ಬಿಳಿ. ಮಗಳು ಅದನ್ನು ಕೆನ್ನೆಗೆ ತಾಗಿಸಿಕೊಂಡಳು. ಅಲೆ ಅಲೆಯಾಗಿ ರಂಧ್ರಗಳ ಈ ವಿನ್ಯಾಸದ ತವರು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳು. ನಮ್ಮ ಮುಂದಿನ ದಾರಿಯೂ ಅದೇ.

ಆರನೇ ದಿನ, ಮಾರ್ಕೆಟ್ ಹಾರ್ಬರೋ

ರೈಲಿನಲ್ಲಿ ಸ್ವಲ್ಪ ದೂರ. ಹಿಂದೆ ಸಿಮಿಂಗ್‌ಟನ್ ಎಂಬ ಕಾರ್ಸೆಟ್ ಕಂಪನಿಯ ಕಾರ್ಖಾನೆಯಾಗಿದ್ದ ಕಟ್ಟಡದಲ್ಲೇ ಊರಿನ ಮ್ಯೂಸಿಯಂ ಇದೆ. ನಡು ಬಿಗಿಯುವ ಗಟ್ಟಿ ಕಾರ್ಸೆಟ್ಟನ್ನು ಒಂದು ಕಾಲಕ್ಕೆ ಪುಟ್ಟ ಹುಡುಗಿಯರಿಗೂ ತೊಡಿಸುತ್ತಿದ್ದರು, ಬೆನ್ನು ನೆಟ್ಟಗಾಗಲಿ ಎಂದು. ಅದೇ ಕಂಪನಿ 1908ರಲ್ಲಿ ಲಿಬರ್ಟಿ ಬಾಡಿಸ್ ಎಂಬುದನ್ನು ತಂದಿತು. ಹೆಣಿಗೆಯ ಮೆತ್ತನೆ ಬಟ್ಟೆ, ಒಳಗೆ ನವಿರು ಜುಂಗು, ಗಟ್ಟಿತನಕ್ಕೆ ಹತ್ತಿಯ ಪಟ್ಟಿಗಳು, ಕೆಳಗೆ ಚಡ್ಡಿ, ಕಾಲುಚೀಲ ಸಿಕ್ಕಿಸಲು ಗುಂಡಿ. ಲಿಬರ್ಟಿ ಎಂದರೆ ಬಿಡುಗಡೆ. ಹುಡುಗಿಯ ಮೈ ಬಾಗಿತು, ಏಳಲು ಓಡಲು ಬಂತು. ಎರಡು ತಲೆಮಾರು ಇದನ್ನೇ ತೊಟ್ಟು ಬೆಳೆದವು. ನನಗೆ ಅದರ ರೂಪ ಅಷ್ಟೇನೂ ಹಿಡಿಸಲಿಲ್ಲ. ಆದರೆ ಪಕ್ಕದಲ್ಲೇ ಇದ್ದ ಹಳೆಯ ಗಟ್ಟಿ ಕಾರ್ಸೆಟ್ಟು ನೋಡಿದ ಮೇಲೆ ಆ ಗುಂಡಿಗಳ ಬಗ್ಗೆ ಗೌರವ ಹುಟ್ಟಿತು.

ಏಳನೇ ದಿನ

ಬೆಳಗಿನ ರೈಲು ಹಿಡಿದು ಆಬರ್ಡೀನ್. ಸಂಜೆ ಅಲ್ಲಿಂದ ಹಡಗು. ನಾನು, ಬೀಗಿತ್ತಿ ಇಬ್ಬರೇ. ಮಗಳೇ ಟಿಕೆಟ್ ಮಾಡಿಸಿ, "ಹೋಗಿ ಬನ್ನಿ, ಆಮೇಲೆ ನಿಮ್ಮಿಬ್ಬರಿಗೂ ಮೂರು ತಿಂಗಳು ಹೊರಗೆ ಕಾಲಿಡೋಕಾಗಲ್ಲ" ಎಂದು ಕಳಿಸಿದ್ದಳು. ರಾತ್ರಿಯಿಡೀ ಹಡಗು ಹೊಯ್ದಾಡಿತು. ಬೀಗಿತ್ತಿ ನಿಂಬೆಹುಳಿಯ ಪೆಪ್ಪರಮೆಂಟು ಬಾಯಲ್ಲಿಟ್ಟುಕೊಂಡು ವಿಠ್ಠಲನ ನಾಮ ಹೇಳುತ್ತಾ ಮಲಗಿದರು. ಜೂನ್ ತಿಂಗಳು, ಹನ್ನೊಂದು ಗಂಟೆಗೂ ಆಕಾಶದಲ್ಲಿ ಬೆಳಕಿತ್ತು. ಬಹಳ ಹೊತ್ತು ಕಿಟಕಿಯ ಬಳಿ ಕುಳಿತು ಹೆಣೆದೆ. ಅವರು ನೋಡುತ್ತಿಲ್ಲ ಎಂಬ ಧೈರ್ಯ.

ಎಂಟನೇ ದಿನ, ಲರ್ವಿಕ್

ಮರವೇ ಇಲ್ಲದ ನಾಡು. ಗುಡ್ಡ, ಗಾಳಿ, ಕಡಲು, ಕುರಿ. ಶೆಟ್ಲೆಂಡಿನ ಕುರಿ ಗಾತ್ರದಲ್ಲಿ ಚಿಕ್ಕದು, ಉಣ್ಣೆ ಬಹಳ ನಯ. ನಮ್ಮ ಚಳ್ಳಕೆರೆ ಸೀಮೆಯ ಕುರಿಯ ಉಣ್ಣೆ ಒರಟು, ಅದು ನೂತು ನೇಯ್ದು ಕಂಬಳಿಯಾಗಲಿಕ್ಕೇ ಹುಟ್ಟಿದ್ದು, ಮಳೆ ತಡೆಯಲಿಕ್ಕೆ. ಇಲ್ಲಿಯ ಉಣ್ಣೆ ಹೆಣಿಗೆಗೆ ಹುಟ್ಟಿದ್ದು. ಬೇಸಿಗೆ ಬಂದಾಗ ಹಳೆಯ ಉಣ್ಣೆ ತಾನಾಗಿ ಸಡಿಲವಾಗುತ್ತದೆ. ಕತ್ತರಿ ಹಾಕದೆ ಕೈಯಿಂದಲೇ ಕಿತ್ತು ತೆಗೆಯುವುದು ಹಳೆಯ ರೂಢಿ.

ಹೇಸ್ ಡಾಕ್ ಎಂಬ ಹಳೆಯ ಬಂದರಿನ ಅಂಚಿಗೆ 2007ರಲ್ಲಿ ತೆರೆದ ಶೆಟ್ಲೆಂಡ್ ಮ್ಯೂಸಿಯಂ ಇದೆ. ಒಳಗೆ ಹೋಗುತ್ತಲೇ ನನ್ನನ್ನು ಹಿಡಿದು ನಿಲ್ಲಿಸಿದ್ದು ಗನ್ನಿಸ್ಟರ್ ಎಂಬಲ್ಲಿ 1951ರಲ್ಲಿ ಸಿಕ್ಕ ವ್ಯಕ್ತಿಯ ಉಡುಪಿನ ಪ್ರತಿಕೃತಿ. ಉರುವಲಿಗೆಂದು ಜೌಗುಮಣ್ಣು ಕಡಿಯುತ್ತಿದ್ದವರಿಗೆ 17ನೇ ಶತಮಾನದ ಕೊನೆಯ ಒಬ್ಬ ಮನುಷ್ಯನ ಬಟ್ಟೆಗಳು ಸಿಕ್ಕವು. ಟೋಪಿ, ಉದ್ದ ಕಾಲುಚೀಲ, ಗವಸು, ಚಿಕ್ಕ ಹಣದ ಚೀಲ, ಎಲ್ಲ ಹೆಣೆದವು. ಮೈ ಕರಗಿಹೋಗಿದೆ, ಹೆಣಿಗೆ ಉಳಿದಿದೆ. ಅಸಲು ಬಟ್ಟೆಗಳು ಎಡಿನ್‌ಬರೊದಲ್ಲಿವೆ. ಈಜಿಪ್ಟಿನ ಕಸ, ಲಂಡನ್ನಿನ ಮಣ್ಣು, ಈಗ ಇಲ್ಲಿಯ ಜೌಗು: ಕಳೆದುಹೋದದ್ದು, ಎಸೆದದ್ದು, ಹೂತದ್ದು ಮಾತ್ರ ನನ್ನ ಕಣ್ಣಿಗೆ ಬೀಳುತ್ತಾ ಬಂತು. ಮನೆಯೊಳಗೆ ಕೈಯಿಂದ ಕೈಗೆ ದಾಟಿದ್ದೆಲ್ಲ ದಾಟುತ್ತಾ ದಾಟುತ್ತಾ ಸವೆದೇ ಹೋಗಿದೆ.

ಮಕ್ಕಳದು ಇಲ್ಲಿ ಹ್ಯಾಪ್ ಎಂಬ ಚೌಕ ಶಾಲು. ನಡುವೆ ಸಾದಾ ಹೆಣಿಗೆ, ಸುತ್ತ ಅಲೆ ಅಲೆಯ ಅಂಚು, ಅದರಾಚೆ ಹಲ್ಲಿನಂಥ ಲೇಸು. ಹುಟ್ಟಿದ ಕೂಸನ್ನು ಸುತ್ತುವುದು ಅದರಲ್ಲೇ. ತೊಳೆದ ಮೇಲೆ ಮರದ ಚೌಕಟ್ಟಿಗೆ ಸುತ್ತಲೂ ಸಿಕ್ಕಿಸಿ ಬಿಗಿದು ಒಣಗಿಸುತ್ತಾರೆ, ಆಗಲೇ ಅಲೆಗಳು ಅರಳುವುದು. ಸ್ವೆಟರಿಗೂ ಹಾಗೆಯೇ ತೋಳು ಚಾಚಿದ ಮರದ ಚೌಕಟ್ಟು. ಮಗುವಿನ ಅಳತೆಯದು ಒಂದು ಗೋಡೆಗೆ ಒರಗಿತ್ತು, ಕೈ ಚಾಚಿ ಎತ್ತಿಕೋ ಎನ್ನುವ ಹಾಗೆ.

ಹೆಣೆಯುತ್ತಾ ಕೂತಿದ್ದ ಹಿರಿಯ ಹೆಂಗಸೊಬ್ಬರು ಮಾತಿಗೆ ಸಿಕ್ಕರು. ಸೊಂಟಕ್ಕೆ ಚರ್ಮದ ಪಟ್ಟಿ, ಅದರಲ್ಲಿ ಕುದುರೆಗೂದಲು ತುಂಬಿದ ತೂತುಗಳ ದಿಂಬು. ಬಲಗಡ್ಡಿಯ ಬುಡ ಅದರಲ್ಲಿ ನಾಟಿರುವುದರಿಂದ ಕೈ ಹಗುರ. ಇದರಿಂದಲೇ ಇಲ್ಲಿಯ ಹೆಂಗಸರು ಬೆನ್ನ ಮೇಲೆ ಉರುವಲಿನ ಬುಟ್ಟಿ ಹೊತ್ತು ನಡೆಯುತ್ತಲೇ ಹೆಣೆಯುತ್ತಿದ್ದರು. ಅವರ ಆಡುಮಾತಿನಲ್ಲಿ ಹೆಣಿಗೆಗೆ ಮಕ್ಕಿನ್ ಎನ್ನುತ್ತಾರೆ. ಅವರು ಆ ಪದ ಹೇಳಿದಾಗಲೆಲ್ಲ ನನ್ನ ಕಿವಿಗೆ ಬಿದ್ದದ್ದು ಮಕ್ಕಳು ಎಂದೇ. ಅರ್ಥ ಹೇಳಿದೆ. ಅವರು ಅದನ್ನು ಎರಡು ಸಲ ಬಾಯಲ್ಲಿ ಆಡಿಸಿ ನೋಡಿದರು.

ಈ ಸೊಬಗಿನ ಹಿಂದೆಯೂ ಹೊಟ್ಟೆಯ ಕಥೆಯಿದೆ. 19ನೇ ಶತಮಾನದಲ್ಲಿ ಇಲ್ಲಿಯ ವ್ಯಾಪಾರಿಗಳು ಹೆಣಿಗೆಗೆ ಹಣ ಕೊಡುತ್ತಿರಲಿಲ್ಲ. ಬದಲಿಗೆ ತಮ್ಮ ಅಂಗಡಿಯ ಚಹಾಪುಡಿ, ಬಟ್ಟೆ. ತಿಂಗಳುಗಟ್ಟಲೆ ಹೆಣೆದ ಶಾಲು ಕೊಟ್ಟು ಬಂದವಳ ಕೈಯಲ್ಲಿ ಚಹಾಪುಡಿ ಇರುತ್ತಿತ್ತು, ಹಿಟ್ಟು ಇರುತ್ತಿರಲಿಲ್ಲ. ಆ ಪುಡಿಯನ್ನೇ ನೆರೆಯವರಿಗೆ ಕೊಟ್ಟು ಹಿಟ್ಟು ತರಬೇಕು. 1872ರ ಸರ್ಕಾರಿ ವಿಚಾರಣೆಯಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತು ಇದನ್ನು ಹೇಳಿದ್ದು ದಾಖಲಾಗಿದೆ. ಬ್ರಿಟನ್ನಿನ ಸಿರಿವಂತರ ಕೂಸುಗಳನ್ನು ಬೆಚ್ಚಗಿಟ್ಟ ಆ ಶಾಲುಗಳ ಮೇಲೆ ಒಬ್ಬಳ ಹೆಸರೂ ಇಲ್ಲ. ನನಗೆ ಅಲ್ಲಿ ನಿಜವಾಗಿಯೂ ಕೋಪ ಬಂತು.

ಒಂಬತ್ತನೇ ದಿನ, ಅನ್ಸ್ಟ್

ಪ್ರವಾಸಿಗರ ಚಿಕ್ಕ ವ್ಯಾನು, ಎರಡು ಕಡೆ ದೋಣಿಯ ದಾಟು, ಆಮೇಲೆ ಬ್ರಿಟನ್ನಿನ ಬಡಗಣ ತುದಿಯ ಜನವಸತಿಯ ದ್ವೀಪ. ದಾರಿಯಲ್ಲಿ ಸೋಫಾ, ಪರದೆ ಎಲ್ಲ ಇಟ್ಟು ಸಿಂಗರಿಸಿದ ಬಸ್ ತಂಗುದಾಣವೊಂದಿದೆ, ಊರವರ ಪ್ರೀತಿಯದು. ಬೀಗಿತ್ತಿ ಅಲ್ಲಿ ಕೂತು ಬುತ್ತಿ ಬಿಚ್ಚಿ ಚಪಾತಿ ಹಂಚಿದರು.

ಹ್ಯಾರಲ್ಡ್ಸ್‌ವಿಕ್‌ನ ಹೆರಿಟೇಜ್ ಸೆಂಟರಿನಲ್ಲಿ ಅನ್ಸ್ಟ್‌ನ ಲೇಸು ಶಾಲುಗಳಿವೆ. ಕುರಿಯ ಕುತ್ತಿಗೆಯ ಉಣ್ಣೆ ಮಾತ್ರ ಆರಿಸಿ, ಕೂದಲೆಳೆಯಷ್ಟು ತೆಳ್ಳಗೆ ನೂತು, ತಿಂಗಳುಗಟ್ಟಲೆ ಹೆಣೆದದ್ದು. ಒಬ್ಬರು ಮಲಗುವಷ್ಟು ಅಗಲದ ಶಾಲು ಮದುವೆಯ ಉಂಗುರದೊಳಗಿಂದ ಸಲೀಸಾಗಿ ಹಾಯುತ್ತದೆ. ಕೂಸಿನ ನಾಮಕರಣಕ್ಕೆ ಹೊದಿಸುವುದು ಇಂಥದನ್ನೇ. ಒಂದೇ ಶಾಲು ಮನೆಯ ಎಲ್ಲ ಮಕ್ಕಳಿಗೂ, ಅವರ ಮಕ್ಕಳಿಗೂ ಬರುತ್ತದೆ. ಒಂದರ ಮೂಲೆಯಲ್ಲಿ ಬಹಳ ಜಾಣತನದಿಂದ ಎಳೆ ಹೊಂದಿಸಿ ತೇಪೆ ಹಾಕಿದ್ದರು. ಬೇರೆಯ ಕೈ, ಬೇರೆಯ ಕಾಲದ ನೂಲು, ತುಸು ಹಳದಿ. ಇಷ್ಟು ದಿನ ನಾನು ಹುಡುಕುತ್ತಾ ಬಂದದ್ದು ಅಲ್ಲಿತ್ತು: ಎಸೆದದ್ದಲ್ಲ, ಹೂತದ್ದಲ್ಲ, ಕೈಯಿಂದ ಕೈಗೆ ಬಂದು ಉಳಿದದ್ದು. ಗಾಜಿನ ಈಚೆಗೆ ನಿಂತು ನನ್ನ ಕಣ್ಣು ತುಂಬಿತು. ಬೀಗಿತ್ತಿ ಏನೂ ಕೇಳಲಿಲ್ಲ, ತಮ್ಮ ಇಳಕಲ್ಲ ಸೀರೆಯ ಸೆರಗನ್ನು ನನ್ನ ಕೈಗಿಟ್ಟರು.

ಆಮೇಲೆ ತಾವೇ ಮಾತು ತೆಗೆದರು. "ನಮ್ಮ ಮನ್ಯಾಗ ಒಂದು ಕುಂಚಿಗಿ ಐತ್ರಿ ಅಕ್ಕಾರ, ಗುಳೇದಗುಡ್ಡದ ಖಣದ್ದು. ನಿಮ್ಮ ಅಳಿಯಂದು. ಅದರ ಮೊದಲ ಅವರಪ್ಪಂದು. ಪೆಟ್ಟಿಗ್ಯಾಗ ಹಾಕ್ಕೊಂಡ ಬಂದೇನಿ. ಹೇಳಿರಲಿಲ್ಲ."

ಹತ್ತನೇ ದಿನ, ಹಿಂದಿರುಗುವ ಹಡಗು

ಇಂದು ಕಡಲು ಶಾಂತ. ಬೀಗಿತ್ತಿಯ ಎದುರಿಗೇ ಕುಳಿತು ಹೆಣೆದೆ. ನೆತ್ತಿಯ ಭಾಗ ಬಂದಿತ್ತು, ಪ್ರತಿ ಸುತ್ತಿಗೂ ಎಂಟು ಕಡೆ ಎರಡೆರಡು ಕುಣಿಕೆ ಒಂದು ಮಾಡುತ್ತಾ ಇಳಿಸಬೇಕು. ಎಂಬತ್ತು ಎಪ್ಪತ್ತೆರಡಾಯಿತು, ಅರವತ್ತನಾಲ್ಕಾಯಿತು. ಅವರು ಎಣಿಸುತ್ತಾ ಕೂತರು. ಹದಿನಾರಕ್ಕೆ ಬಂದಾಗ ಕೇಳಿದರು:

"ಇನ್ನ ಎಷ್ಟು ಸುತ್ತು ಉಳೀತ್ರಿ?"

"ಒಂದೇ. ಎಂಟಾಗುತ್ತೆ. ಆಮೇಲೆ ನೂಲು ಪೋಣಿಸಿ ಎಳೆದು ಗಂಟು ಹಾಕಿದರೆ ಮುಗೀತು."

"ಹಂಗಾದ್ರ ಅದೊಂದ ಸುತ್ತು ಬಿಡ್ರಿ. ಕೂಸು ಹುಟ್ಟಿದ ದಿನ ಹಾಕೋಣು. ಮುಗಿಸಲಿಲ್ಲಂದ್ರ ಅದಿನ್ನೂ ಕುಲಾಯಿ ಅಲ್ಲ, ಬರೇ ನೂಲು."

ಕಡ್ಡಿಗಳು ಜಾರದಂತೆ ತುದಿಗೆ ರಬ್ಬರು ಸುತ್ತಿದೆ. ಹದಿನಾರು ಕುಣಿಕೆ ಕಡ್ಡಿಯ ಮೇಲೆ ಹಾಗೆಯೇ ಇವೆ. ನಾಟಿಂಗ್‌ಹ್ಯಾಮ್‌ನಲ್ಲಿ ಮಗಳ ಕಪಾಟಿನ ಮೇಲಿನ ಅರೆಯಲ್ಲಿ, ಖಣದ ಕುಂಚಿಗಿಯ ಮಡಿಕೆಯೊಳಗೆ ಇಟ್ಟಿದ್ದೇವೆ. ಡಾಕ್ಟರು ಆಗಸ್ಟ್ ಎರಡನೇ ವಾರ ಎಂದಿದ್ದಾರೆ.